ಉಣ್ಣದ ಮೀನು, ಉಣ್ಣದ ಮಾವ

ನಮ್ಮ ಮಾವನವರಿಗಿಂತ ಹಟಮಾರಿ ಜೀವ ಲಿಂಗಸುಗೂರು ತಾಲೂಕಿನಲ್ಲಿ ಇನ್ನೊಂದು ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ಆಮೇಲೆ ನಮ್ಮ ಮನೆಗೆ ಒಂದು ಮೀನು ಬಂತು!

ಮೀನು ಎಂದರೆ ಏನು ಮಹಾ? ನನ್ನ ನಡುಬೆರಳಿನಷ್ಟು ಉದ್ದ, ಹುಣಸೆಬೀಜದಷ್ಟು ತಲೆ. ಅಷ್ಟು ತಲೆಯಲ್ಲಿ ಅಷ್ಟು ಹಟ ಹೇಗೆ ಹಿಡಿಸಿತೋ ಶಿವನೇ ಬಲ್ಲ. ಮಾವನವರ ಹಟವನ್ನು ಮುರಿದದ್ದು ನಿಜಾಮರ ಸರಕಾರವಲ್ಲ, ನನ್ನ ಗಂಡನಲ್ಲ, ನಾನಂತೂ ಮೊದಲೇ ಅಲ್ಲ. ಆ ಮೀನು!

ಮಾವನವರು ತಹಸೀಲ್ ಕಚೇರಿಯಲ್ಲಿ ತಹಸೀಲ್ದಾರರ ಮುಂದೆ ಕಾಗದಪತ್ರ ಇಡುವ ಪೇಶ್ಕಾರರು. ಉರ್ದುವಿನಲ್ಲಿ ಬರೆಯುವುದು, ಕನ್ನಡದಲ್ಲಿ ಬೈಯುವುದು, ಎರಡರಲ್ಲೂ ಎತ್ತಿದ ಕೈ. ಕರೀ ಶೇರವಾನಿಯ ಕೊರಳ ಗುಂಡಿಯನ್ನು ಬೇಸಿಗೆಯ ಬಿಸಿಲಿನಲ್ಲೂ ಬಿಚ್ಚಿದವರಲ್ಲ. ಹಣೆಯ ಮೇಲೆ ವಿಭೂತಿ, ತಲೆಯ ಮೇಲೆ ರುಮಾಲು, ಕಂಕುಳಲ್ಲಿ ಕೊಡೆ. ಆ ಕೊಡೆ ಬಿಚ್ಚಿದ್ದನ್ನು ಊರಲ್ಲಿ ಯಾರೂ ನೋಡಿಲ್ಲ. ಮಳೆ ಬಂದರೆ ಕೊಡೆ ತೋಯ್ದೀತು ಎಂದು ಅದನ್ನು ಶೇರವಾನಿಯೊಳಗೆ ಸೇರಿಸಿಕೊಂಡು, ತಾವು ತೋಯ್ದುಕೊಂಡು ಬರುತ್ತಿದ್ದರು!

ಇನ್ನು ಅವರ ದೊಡ್ಡ ವಿದ್ಯೆ ಮುನಿಸು. ಹೊರಗೆ ಮುನಿದರೆ ಬೈಯುತ್ತಿದ್ದರು. ಮನೆಯಲ್ಲಿ ಮುನಿದರೆ ಉಣ್ಣುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೋ, ಒಂದು ಹೊತ್ತು ಬಿಟ್ಟರು. ಸ್ನಾನದ ನೀರು ಆರಿತ್ತೋ, ಇನ್ನೊಂದು ಹೊತ್ತು ಬಿಟ್ಟರು. ಒಮ್ಮೆ ಅವರು ಸೀನಿದಾಗ ಮನೆಯಲ್ಲಿ ಒಬ್ಬರೂ 'ನೂರು ವರ್ಷ ಬಾಳ್ರಿ' ಅನ್ನಲಿಲ್ಲವೆಂದು ಇಡೀ ದಿನ ಉಪವಾಸ ಇದ್ದರಂತೆ. ಇದು ನಾನು ಬರುವ ಮೊದಲಿನ ಕಥೆ. ಪಕ್ಕದ ಮನೆಯ ನೀಲವ್ವತ್ತಿ ಹೇಳಿದ್ದು. ನಾನು ಬಂದ ಮೇಲೆ ಅವರು ಬಾಗಿಲಾಚೆ ಮೂಗು ಏರಿಸಿದರೆ ಸಾಕು, ಸೀನುವ ಮೊದಲೇ ಆಯುಷ್ಯ ಹಾರೈಸಿಬಿಡುತ್ತಿದ್ದೆ.

ಹಾರೈಸುವುದು ಯಾರಿಗೆ ಅಂತೀರಿ? ಕಂಬಕ್ಕೆ! ಆ ಕಾಲದಲ್ಲಿ ಸೊಸೆಯಾದವಳು ಮಾವನ ಜೊತೆ ಮುಖಕ್ಕೆ ಮುಖ ಕೊಟ್ಟು ಮಾತಾಡುವಂತಿರಲಿಲ್ಲ. ಅತ್ತೆ ನಡುವೆ ಇದ್ದು ಮಾತು ದಾಟಿಸಬೇಕು. ನಮ್ಮತ್ತೆ ನಾನು ಮಸ್ಕಿಯಿಂದ ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ಸಿಂಧನೂರಿನಲ್ಲಿ ಹತ್ತಿ ಅಡತಿ ಅಂಗಡಿಯ ಗುಮಾಸ್ತ, ಅಮಾವಾಸ್ಯೆಗೆ ಒಮ್ಮೆ ಬಂದರೆ ಬಂದರು. ಮನೆಯಲ್ಲಿ ಉಳಿದವರು ನಾನು, ಮಾವನವರು, ಪಡಸಾಲೆಯ ಕಂಬ. 'ಕಂಬಪ್ಪಾ, ಎಣ್ಣಿ ತೀರೈತಿ' ಎಂದು ನಾನು ಬಾಗಿಲ ಮರೆಯಿಂದ ಹೇಳುವುದು. 'ಕಂಬಪ್ಪಾ, ಸಂಜಿಗೆ ತರ್ತೀನಿ' ಎಂದು ಅವರು ಕೊಡೆ ಸಿಕ್ಕಿಸಿಕೊಂಡು ಹೊರಡುವುದು. ಕಂಬ ಬಹಳ ಒಳ್ಳೆಯದು. ಒಂದು ಮಾತನ್ನೂ ಹೆಚ್ಚು ಕಡಿಮೆ ಮಾಡಿ ದಾಟಿಸಲಿಲ್ಲ!

ಹೀಗಿರುವಾಗ ತಹಸೀಲ್ದಾರ ಸಾಹೇಬರಿಗೆ ಔರಂಗಾಬಾದಿನ ಕಡೆ ವರ್ಗವಾಯಿತು. ಸಾಹೇಬರ ಮನೆಯಲ್ಲಿ, ಹೈದರಾಬಾದಿನಿಂದ ತರಿಸಿದ್ದ ದೊಡ್ಡ ಗಾಜಿನ ಹಂಡೆಯೊಳಗೆ, ಒಂದು ಕೆಂಪು ಬಂಗಾರದ ಬಣ್ಣದ ಮೀನು ಇತ್ತು. ಬೇಗಂ ಸಾಹೇಬರಿಗೆ ಅದರ ಮೇಲೆ ಪ್ರಾಣ. ಬಂಡಿಯಲ್ಲಿ ಕುಲುಕಿಸಿಕೊಂಡು ಅಷ್ಟು ದೂರ ಒಯ್ದರೆ ಮೀನೂ ಉಳಿಯದು, ಹಂಡೆಯೂ ಉಳಿಯದು. ಸಾಹೇಬರು ಕಚೇರಿಯವರನ್ನೆಲ್ಲ ನಿಲ್ಲಿಸಿ, ದಸರೆಗೆ ಮನುಷ್ಯನನ್ನು ಕಳಿಸಿ ತರಿಸಿಕೊಳ್ಳುತ್ತೇನೆ, ಅಲ್ಲಿಯ ತನಕ ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದರಂತೆ. ಎಲ್ಲರೂ ನೆಲ ನೋಡಿದರು. ನಮ್ಮ ಮಾವನವರು ಎದೆ ಮುಟ್ಟಿಕೊಂಡು, ಇದು ನನ್ನ ಬಳಿ ನಂಬಿ ಇಟ್ಟ ಅಮಾನತ್ತು, ಜೀವಂತ ಒಪ್ಪಿಸದಿದ್ದರೆ ಈ ರುಮಾಲು ಮತ್ತೆ ಸುತ್ತುವುದಿಲ್ಲ ಎಂದುಬಿಟ್ಟರು. ರುಮಾಲು ಇಲ್ಲದ ಪೇಶ್ಕಾರ ಅಂದರೆ ಬಾಲವಿಲ್ಲದ ಎತ್ತು. ನೊಣ ಬಂದು ಕೂತರೂ ಓಡಿಸಲಾರ!

ಚಪ್ರಾಸಿಯ ತಲೆಯ ಮೇಲೆ ಹಂಡೆ ಬಂತು. ಹಿಂದೆಯೇ ಅರ್ಧ ಊರು ಬಂತು. ಶೈವರ ಮನೆಗೆ ಮೀನು! ಬಾಗಿಲಲ್ಲೇ ಚಪ್ರಾಸಿ ಒಂದು ಪೊಟ್ಟಣ ಕೊಟ್ಟು, ಇದು ಮೀನಿನ ಊಟ, ದಿನಾ ಒಂದು ಚಿಟಿಕೆ ಹಾಕಬೇಕು ಎಂದ. ಮಾವನವರು ಮೂಸಿದರು. ಮುಖ ಕಿವುಚಿದರು. ಒಣಗಿಸಿ ಕುಟ್ಟಿದ ಸಿಗಡಿಯ ಪುಡಿ! ಹಿಡಿದ ಕೈಯನ್ನು ಮೈಯಿಂದ ದೂರ ಚಾಚಿಕೊಂಡೇ ಹೋಗಿ ಪೊಟ್ಟಣವನ್ನು ತಿಪ್ಪೆಗೆ ಎಸೆದು, ಕೈ ತೊಳೆದು, ವಿಭೂತಿ ಹಚ್ಚಿಕೊಂಡು ಬಂದರು.

"ನಮ್ಮ ಹೊಸ್ತಿಲ ದಾಟಿದ ಮ್ಯಾಲ ನಮ್ಮ ಆಚಾರ," ಎಂದು ಮೀನಿಗೆ ಹೇಳಿದರು. "ನಾವು ಏನು ಉಣ್ತೀವೋ ನೀನೂ ಅದನ್ನ ಉಣ್ಣಬೇಕು."

ಆ ದಿನ ತಿಪ್ಪೆಯ ಮೇಲೆ ಕಾಗೆಗಳಿಗೆ ಹಬ್ಬ. ನಮ್ಮ ಕಷ್ಟವೂ ಅದೇ ದಿನ ಶುರು!

ಹಂಡೆಯನ್ನು ಕಂಬದ ಪಕ್ಕದಲ್ಲಿ ಎತ್ತರದ ಮಣೆಯ ಮೇಲೆ ಇಟ್ಟರು. ಇಟ್ಟ ಮರುಕ್ಷಣದಿಂದ ಕಂಬದ ನೌಕರಿ ಹೋಯಿತು. ಈಗ ಮಾತೆಲ್ಲ ಮೀನಿನ ಮೂಲಕ! ಕಂಬಕ್ಕಿಂತ ಮೀನು ಮೇಲು, ಯಾಕೆಂದರೆ ಅದಕ್ಕೆ ಬಾಯಿಯಿತ್ತು. ನಾವು ಹೇಳಿದ್ದಕ್ಕೆಲ್ಲ ಹೂಂ ಹೂಂ ಎಂಬಂತೆ ಬಾಯಿ ತೆರೆದು ಮುಚ್ಚುತ್ತಿತ್ತು.

ನೋಡಲು ಬಂದ ಹೆಂಗಸರಿಗೆ ಅದರ ಬಣ್ಣದ್ದೇ ಚಿಂತೆ. ಹಟ್ಟಿಯ ಚಿನ್ನದ ಗಣಿಯ ನೀರು ಕುಡಿದ ಮೀನು ಹೀಗೆ ಬಂಗಾರವಾಗುತ್ತದೆ ಎಂದು ನೀಲವ್ವತ್ತಿ ಕಣ್ಣಾರೆ ಕಂಡವಳಂತೆ ಹೇಳಿದಳು. ಮರುದಿನ ನಾನು ಹಂಡೆಯ ಹಳೇ ನೀರು ಚೆಲ್ಲಲು ಹೋದರೆ ತಡೆದು, ಸೀರೆಯ ಸೆರಗಿನಲ್ಲಿ ಸೋಸಿ ನೋಡಿದಳು. ಸಿಕ್ಕಿದ್ದೇನು? ನಾನು ಹಾಕಿದ್ದ ರೊಟ್ಟಿ!

ಹೌದು, ಮೀನು ರೊಟ್ಟಿ ತಿನ್ನಲಿಲ್ಲ. ಬಿಳಿ ಜೋಳದ ರೊಟ್ಟಿ, ಹೂವಿನ ಎಸಳಿನಂತೆ ತಟ್ಟಿದ್ದು, ಅದನ್ನು ಪುಡಿ ಮಾಡಿ ಹಾಕಿದರೆ ಬಾಯಿಗೆ ತೆಗೆದುಕೊಂಡು ಪುಸಕ್ಕನೆ ಉಗುಳಿತು! ಮಂಡಾಳು ಹಾಕಿದೆ, ಉಗುಳಿತು. ಶೇಂಗಾ ಹಿಂಡಿ, ಉಗುಳಿತು. ಮಾವನವರ ಅಪ್ಪಣೆಯಂತೆ ಕಡಬು ಮಾಡಿ ಅದರ ಹೂರಣ ಹಾಕಿದೆ. ಅದನ್ನು ಮೂಸಿ ಕೂಡ ನೋಡದೆ ಬೆನ್ನು ತಿರುಗಿಸಿತು.

ಮಾವನವರು ಹಂಡೆಯ ಮುಂದೆ ಕುಳಿತು ಬಹಳ ಹೊತ್ತು ಆಲೋಚಿಸಿದರು. ಸಾಹೇಬರ ಮನೆಯಲ್ಲಿ ಬೆಳೆದ ಜೀವ, ಅಡಿಗೆ ಅದರ ನಾಲಿಗೆಗೆ ಹತ್ತುತ್ತಿಲ್ಲ ಎಂದು ತೀರ್ಮಾನಿಸಿದರು. "ಅಲ್ಲಪ್ಪಾ, ನಿನಗೂ ಗೊತ್ತಾತೇನು," ಎಂದು ಮೀನಿಗೆ ಕೇಳಿದರು. "ಮಸ್ಕಿ ಕಡೆ ರೊಟ್ಟಿ ತುಸು ದಪ್ಪ ಬಡೀತಾರ."

ನನ್ನ ಮೈಯೆಲ್ಲ ಉರಿಯಿತು. ನಾನು ಬಾಗಿಲ ಮರೆಯಿಂದಲೇ, "ಹೇಳಪ್ಪಾ ಮೀನಾ," ಅಂದೆ, "ರೊಟ್ಟಿ ದಪ್ಪ ಇದ್ರ ಇಷ್ಟು ದಿನ ಉಂಡವರು ಯಾರಂತ."

ಮೀನು ಬಾಯಿ ತೆರೆದು ಮುಚ್ಚಿತು. ಮಾವನವರು ಕೆಮ್ಮಿದರು. ಆದರೆ ಮಾತು ಮನೆಯಲ್ಲಿ ನಿಂತೀತೇ? ಪೇಶ್ಕಾರರ ಸೊಸೆಯ ರೊಟ್ಟಿಯನ್ನು ಮೀನೂ ಉಗುಳುತ್ತದಂತೆ ಎಂದು ಬಾವಿಕಟ್ಟೆಯ ತನಕ ಹೋಯಿತು. ಅಲ್ಲಿಂದ ಸಂತೆಗೆ, ಸಂತೆಯಿಂದ ಮಸ್ಕಿಗೆ! ಹೆತ್ತವ್ವ ಬಂಡಿಯವನ ಕೈಯಲ್ಲಿ ಹೇಳಿ ಕಳಿಸಿದಳು: ಹಿಟ್ಟು ಇನ್ನೊಮ್ಮೆ ಸೋಸಿ ನಾದು ಅಂತ. ಮೀನಿನ ಕಾರಣದಿಂದ ತವರಿನಿಂದ ಬೈಸಿಕೊಂಡ ಸೊಸೆ ನಾನೊಬ್ಬಳೇ ಇರಬೇಕು.

ಅಷ್ಟರಲ್ಲಿ ಮನೆಯ ಗುರುಗಳಾದ ಅಯ್ಯನವರು ಬಂದರು. ಊರಿನ ಕೆಲವರು ಅವರ ಕಿವಿ ಕಚ್ಚಿದ್ದರು: ಲಿಂಗ ಕಟ್ಟಿದ ಮನೆಯಲ್ಲಿ ಮೀನು ಇಟ್ಟಿದ್ದಾರೆ, ಅಲ್ಲಿ ಪ್ರಸಾದ ಮುಟ್ಟಬಹುದೋ ಬಾರದೋ ಎಂದು. ಅಯ್ಯನವರು ಹಂಡೆಯ ಸುತ್ತ ಒಂದು ಸುತ್ತು ಬಂದರು. ಮಾವನವರು ಕೈಕಟ್ಟಿ ನಿಂತಿದ್ದರು. ನಾನು ಬಾಗಿಲ ಸಂದಿಗೆ ಕಣ್ಣು ಹಚ್ಚಿದ್ದೆ.

"ತಿನ್ನಾಕ ತಂದಿದ್ರ ತಪ್ಪು," ಎಂದರು ಅಯ್ಯನವರು. "ಉಣಿಸಾಕ ತಂದೀರಿ. ಇದು ದಾಸೋಹ."

ಆಹಾ, ಮಾವನವರ ಮುಖ ನೋಡಬೇಕಿತ್ತು! ಅರಳಿ ಹೂವಾಯಿತು. ಆದರೆ ಅಯ್ಯನವರು ಮೆಟ್ಟಿಲು ಇಳಿಯುವಷ್ಟರಲ್ಲಿ ಅದೇ ಮುಖ ಬಾಡಿತು. ಯಾಕೆಂದರೆ ದಾಸೋಹ ಎಂದಮೇಲೆ ಬಂದವರು ಉಣ್ಣಬೇಕಲ್ಲ? ಮನೆಗೆ ಬಂದ ಅತಿಥಿ ಹಸಿದು ಕುಳಿತರೆ ಅದು ಎಂಥ ದಾಸೋಹ? ಮೊದಲು ಸಾಹೇಬರಿಗೆ ಕೊಟ್ಟ ಮಾತು ಒಂದೇ ಕುತ್ತಿಗೆಗೆ ಬಿದ್ದಿತ್ತು. ಈಗ ಶಿವನೂ ಬಂದು ಪಕ್ಕದಲ್ಲಿ ಕೂತ!

ಶ್ರಾವಣ ಹಿಡಿಯಿತು. ಮೀನು ಈಗ ಕೆಳಗೇ ಇರುತ್ತಿತ್ತು, ಬಾಲ ಮಡಚಿಕೊಂಡು. ಮೈ ಬಣ್ಣ ಮಾಸಿತ್ತು. ಮಾವನವರಿಗೆ ಹೊಸ ಬೆಳಕು ಹೊಳೆಯಿತು. ಮೀನಿಗೆ ರೋಗವೂ ಇಲ್ಲ, ಅಡಿಗೆಯ ದೋಷವೂ ಇಲ್ಲ. ಅದು ಶ್ರಾವಣ ಹಿಡಿದಿದೆ! ಶೈವರ ಮನೆಯ ಗಾಳಿ ತಾಕಿ, ವ್ರತ ಮಾಡುತ್ತಿದೆ! ನೀಲವ್ವತ್ತಿಗೆ ಇಷ್ಟು ಹೇಳಿದರೆ ಸಾಕಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ! ಉಪವಾಸದ ಮೀನಿಗೆ ಒಬ್ಬಳು ಹೂವು ಹಾಕಿದಳು, ಇನ್ನೊಬ್ಬಳು ಅಕ್ಷತೆ, ಮತ್ತೊಬ್ಬಳು ಮಗಳ ಮದುವೆಯಾಗಲಿ ಎಂದು ಹಿಡಿ ಕುಂಕುಮ. ಸಂಜೆಯ ಹೊತ್ತಿಗೆ ನೀರು ಕೆಂಪಗಾಗಿ ಮೀನು ಎಲ್ಲಿದೆ ಎಂದು ಹುಡುಕಬೇಕಾಯಿತು. ನಾನು ನೀರು ಬದಲಿಸಲು ಹೋದರೆ ಮಾವನವರು ಬಿಡಲಿಲ್ಲ. ತೀರ್ಥ ಚೆಲ್ಲಬಾರದಂತೆ! ಮೇಲೆ ಇನ್ನೊಂದು ತಂಬಿಗೆ ಸುರಿಯಬಹುದು, ಅಷ್ಟೆ.

ಆ ಮಗಳ ಮದುವೆ ಆಮೇಲೆ ಆಯಿತು, ಅದು ಬೇರೆ ಮಾತು. ಮೀನು ಮಾತ್ರ ಒಂದು ಮಗ್ಗುಲಿಗೆ ವಾಲಿತು.

ಈಗ ಮಾವನವರು ಹೆದರಿದರು. ವ್ರತ ಮಾಡುವವರು ವಾಲುವುದಿಲ್ಲ ಎಂದು ಅವರಿಗೂ ಗೊತ್ತು. ಓಡಿಹೋಗಿ ಹಕೀಮರನ್ನು ಕರೆತಂದರು. ಹಕೀಮರು ಬಹಳ ದೊಡ್ಡ ಮನುಷ್ಯ. ನಾಡಿ ಹಿಡಿದರೆ ನಿನ್ನೆ ಉಂಡದ್ದನ್ನು ಹೇಳುವರು. ಆದರೆ ಮೀನಿನ ನಾಡಿ ಎಲ್ಲಿ? ತೋಳು ಏರಿಸಿ ಕೈ ನೀರಿಗೆ ಇಳಿಸಿದರು, ಮೀನು ಜಾರಿತು. ಮತ್ತೆ ಇಳಿಸಿದರು, ಮತ್ತೆ ಜಾರಿತು. ಕೊನೆಗೆ ಗಡ್ಡ ಒರೆಸಿಕೊಂಡು, "ನಾಲಿಗಿ ತೋರಿಸು ಬೇಟಾ," ಅಂದರು.

ಮೀನು ಬಾಯಿ ತೆರೆಯಿತು!

ಹಕೀಮರು ಮಾವನವರ ಕಡೆ ತಿರುಗಿ, ನೋಡಿದಿರಾ, ಎಷ್ಟು ತಿಳಿವಳಿಕೆ ಎಂದು ತಲೆದೂಗಿದರು. ರೋಗ ಏನೆಂದರೆ ಗರ್ಮಿಯಂತೆ, ಉಷ್ಣ! ನೀರಲ್ಲೇ ಹುಟ್ಟಿ ನೀರಲ್ಲೇ ಬೆಳೆದು ನೀರಲ್ಲೇ ಮಲಗುವ ಪ್ರಾಣಿಗೆ ಉಷ್ಣ! ತಂಪಿಗೆ ಗುಲ್ಕಂದು ಕೊಡಬೇಕೆಂದರು. ಗುಲ್ಕಂದು ನೀರಿಗೆ ಬಿತ್ತು. ಮೀನು ಮುಟ್ಟಲಿಲ್ಲ. ಇರುವೆಗಳು ಮಾತ್ರ ಇಡೀ ಲಿಂಗಸುಗೂರಿನಿಂದ ಸಾಲುಗಟ್ಟಿ ಬಂದವು. ಎಷ್ಟೋ ದಿನ ನಾನು ಇರುವೆ ಗುಡಿಸುವುದೇ ಒಂದು ಕೆಲಸವಾಯಿತು.

ಉಳಿದದ್ದು ಒಂದೇ ದಾರಿ ಎಂದರು ಮಾವನವರು. ಮೀನಿಗೆ ಬಾವಿಯ ನೀರು ಒಗ್ಗಿಲ್ಲ, ಹೊಳೆಯ ನೀರು ಬೇಕು. ಸಿಂಧನೂರಿನಲ್ಲಿದ್ದ ನನ್ನ ಗಂಡನಿಗೆ ಹೇಳಿ ಕಳಿಸಿದರು: ಮುಕ್ಕುಂದಕ್ಕೆ ಹೋಗಿ ತುಂಗಭದ್ರೆಯ ನೀರು ಒಂದು ತಾಮ್ರದ ಕೊಡ ತುಂಬಿಕೊಂಡು ಬಾ. ಇವರು ಅಂಗಡಿ ಬಿಟ್ಟು, ಹೊಳೆಗೆ ಹೋಗಿ, ಕೊಡದ ಬಾಯಿಗೆ ಬಟ್ಟೆ ಕಟ್ಟಿ, ಬಂಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಬಂದ ದಿನ ಮಾವನವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಹೊಳಿ ನೀರಿನ ರುಚಿನ ಬ್ಯಾರೆ," ಎಂದರು.

ಒಳಗೆ ಬಂದು ಇವರು ನನ್ನ ಕಿವಿಯಲ್ಲಿ ಹೇಳಿದ್ದೇ ಬೇರೆ. ಶ್ರಾವಣ ಮಾಸ, ತುಂಗಭದ್ರೆಯ ನೀರು ಅಂದರೆ ಬಿಡುತ್ತಾರೆಯೇ? ಸಿಂಧನೂರಿನಲ್ಲಿ ಅಂಗಡಿಯವರು ಒಂದೊಂದು ಚಮಚೆ ತೀರ್ಥ ಅಂದರು. ದಾರಿಯಲ್ಲಿ ಬಂಡಿ ನಿಂತಲ್ಲೆಲ್ಲ ಅಂಗೈ ಚಾಚಿದರು. ಮಸ್ಕಿಯಲ್ಲಿ ನಮ್ಮವ್ವ ಕೊಡವನ್ನೇ ಬಗ್ಗಿಸಿ ತನ್ನ ಹಂಡೆಗೆ ಸುರಿದುಕೊಂಡು, ಅಳಿಯ ಬರಿಗೊಡ ಹೊತ್ತು ಹೋಗಬಾರದೆಂದು ತನ್ನ ಹಿತ್ತಲ ಬಾವಿಯ ನೀರು ಕಂಠಮಟ್ಟ ತುಂಬಿ ಕಳಿಸಿದಳು! ಮಾವನವರು ಕಣ್ಣು ಮುಚ್ಚಿ ಕುಡಿದದ್ದು ನನ್ನ ತವರಿನ ಬಾವಿ. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಇವರು ಮಾರನೇ ದಿನವೇ ಸಿಂಧನೂರಿಗೆ ಓಡಿದರು.

ಆದರೆ ಕೆಂಪು ತೀರ್ಥದ ಮೇಲೆಯೇ ಸುರಿದ ಆ ನೀರಿಗೂ ಮೀನು ಏಳಲಿಲ್ಲ. ನಗುವುದು ಅಲ್ಲಿಗೆ ನಿಂತಿತು.

ಇವರು ಹೋದ ದಿನ ಮಧ್ಯಾಹ್ನ ನಾನು ತಾಟು ಹಚ್ಚಿ ಪಡಸಾಲೆಗೆ ಇಟ್ಟು ಮರೆಗೆ ಸರಿದೆ. ಮಾವನವರು ಬಂದರು, ತಾಟಿನ ಮುಂದೆ ಕೂಡಲಿಲ್ಲ. ಹಂಡೆಯ ಮುಂದೆ ಹೋಗಿ ನಿಂತರು.

"ಮನಿಗೆ ಬಂದಾವ ನೀ. ನೀ ಹಸಗೊಂಡು ಕುಂತಿ," ಎಂದರು. "ನಾ ಹೆಂಗ ಉಣ್ಣಲಿ? ನೀ ಉಣ್ಣೂತನಕ ನಾನೂ ಒಲ್ಲೆ."

ಮುಗಿಯಿತು! ಈ ಮನುಷ್ಯ ಉಪ್ಪಿಗೆ ಬಿಟ್ಟ ಊಟವನ್ನೇ ಹಿಂದೆ ತೆಗೆದುಕೊಂಡವರಲ್ಲ, ಇನ್ನು ಶಿವನ ಹೆಸರಲ್ಲಿ ಬಿಟ್ಟದ್ದನ್ನು ತೆಗೆದುಕೊಳ್ಳುವರೇ? ತಾಟು ಹಾಗೇ ಒಳಗೆ ಬಂತು. ರಾತ್ರಿಯ ತಾಟೂ ಬಂತು. ಮಾರನೇ ದಿನದ್ದೂ ಬಂತು. ಬರೀ ನೀರು, ಒಂದು ಚೂರು ಬೆಲ್ಲ. ಕಚೇರಿಗೆ ಹೋದರೆ ಕೊಡೆಯನ್ನು ಊರಿಕೊಂಡು ಬರುವಷ್ಟು ಸೋತರು.

ಪಾಪ ಎನ್ನುತ್ತೀರಿ. ಅನ್ನಿ. ಆದರೆ ಹಿರಿಯರು ಉಣ್ಣದೆ ಸೊಸೆ ಉಣ್ಣುವಂತಿಲ್ಲ ಎಂಬುದು ಗೊತ್ತೇ ನಿಮಗೆ? ಮೀನು ಉಣ್ಣದೆ ಮಾವ ಉಣ್ಣರು, ಮಾವ ಉಣ್ಣದೆ ನಾನು ಉಣ್ಣುವಂತಿಲ್ಲ! ಬೆರಳುದ್ದದ ಮೀನಿನ ಬಾಯಿಗೆ ನನ್ನ ಹೊಟ್ಟೆಯನ್ನು ಕಟ್ಟಿಹಾಕಿದ್ದರು. ಒಳಗೆ ಕುಳಿತು ಕದ್ದು ತಿನ್ನಬಾರದಿತ್ತೇ ಎಂದು ಕೇಳುವ ಜಾಣರೂ ಇದ್ದೀರಿ. ಹೇಗೆ ತಿನ್ನಲಿ? ನೀಲವ್ವತ್ತಿ ನನಗೆ ಧೈರ್ಯ ಹೇಳಲು ಬಂದವಳು ಅಡಿಗೆಮನೆಯ ಹೊಸ್ತಿಲ ಮೇಲೇ ಬೀಡು ಬಿಟ್ಟಿದ್ದಳು.

"ಹಸಿವು ತಾಳ್ಕೋಬೇಕವ್ವಾ," ಅನ್ನುತ್ತಿದ್ದಳು ಶೇಂಗಾ ಜಗಿಯುತ್ತ. "ಈ ಮನ್ಯಾಗ ನಿಮ್ಮತ್ತಿ ಹಂಗ ನಡಕೊಂಡಾಳ."

ಹಸಿವಿನಿಂದ ನನಗೆ ಭಕ್ತಿ ಹುಟ್ಟಲಿಲ್ಲ, ಸಿಟ್ಟು ಹುಟ್ಟಿತು. ನನ್ನ ಸಿಟ್ಟು ಬಹಳ ಕೆಲಸದ್ದು. ಶುಕ್ರವಾರ, ಜುಮ್ಮಾ ದಿನ, ಕಚೇರಿಗೆ ರಜೆ. ಮಾವನವರು ಒಳಕೋಣೆಯಲ್ಲಿ ಪೂಜೆಗೆ ಕುಳಿತಿದ್ದರು. ನೀಲವ್ವತ್ತಿ ಸಂತೆಗೆ ಹೋಗಿದ್ದಳು. ಮೀನು ಕೆಂಪು ನೀರಿನಲ್ಲಿ ಮಗ್ಗುಲಾಗಿ ಮಲಗಿ, ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು. ಸಾಯುವುದಾದರೆ ಸ್ವಚ್ಛ ನೀರಿನಲ್ಲಿ ಸಾಯಿ ಮೂದೇವಿ, ನಾನಾದರೂ ಉಣ್ಣುತ್ತೇನೆ ಎಂದು ತಂಬಿಗೆಯಲ್ಲಿ ಅದನ್ನು ಮೊಗೆದೆ. ಹಂಡೆಯನ್ನು ಬೂದಿ ಹಚ್ಚಿ ತಿಕ್ಕುವ ತನಕ ಮೀನನ್ನು ಎಲ್ಲಿಡಲಿ? ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುವ ಕಲ್ಲಿನ ಬಾನಿ ಇತ್ತು. ಎಮ್ಮೆ ಮಾರಿ ಬಹಳ ದಿನವಾಗಿತ್ತು. ಬಾನಿಯಲ್ಲಿ ಮಳೆಯ ನೀರು ನಿಂತಿತ್ತು. ಅದಕ್ಕೆ ಸುರಿದೆ.

ಮೀನು ತಳಕ್ಕೆ ಹೋಯಿತು. ನಾನು ಬೂದಿ ತರಲು ತಿರುಗಿದೆ. ಹಿಂದೆ ಚಟಕ್ ಎಂದು ಸದ್ದಾಯಿತು.

ತಿರುಗಿ ನೋಡಿದರೆ ಮೀನು ಮೇಲೆ ಬಂದಿದೆ! ನಿಂತ ನೀರಿನಲ್ಲಿ ತಲೆಕೆಳಗಾಗಿ ತೂಗಾಡುತ್ತವಲ್ಲ, ಸೊಳ್ಳೆಯ ಮರಿ ಹುಳು, ಬಾನಿಯ ತುಂಬ ಅವೇ ಇದ್ದವು. ಮೀನು ಒಂದನ್ನು ಕಚ್ಚಿತು. ಉಗುಳಲಿಲ್ಲ! ಇನ್ನೊಂದನ್ನು ಕಚ್ಚಿತು, ನುಂಗಿತು! ವಾಲಿದ ಮೈ ನೆಟ್ಟಗಾಯಿತು, ಮಡಚಿದ ಬಾಲ ಬೀಸಣಿಗೆಯಂತೆ ಬಿಚ್ಚಿಕೊಂಡಿತು, ಬಾನಿಯ ಈ ತುದಿಯಿಂದ ಆ ತುದಿಗೆ ಬಾಣ ಬಿಟ್ಟಂತೆ ಓಡಿತು! ಮಂಡಾಳು ಉಗುಳಿದ್ದು, ಕಡಬಿಗೆ ಬೆನ್ನು ತಿರುಗಿಸಿದ್ದು, ಬಾನಿಯಲ್ಲಿದ್ದ ಹುಳುಗಳನ್ನೆಲ್ಲ ಅಟ್ಟಾಡಿಸಿ ತಿನ್ನುತ್ತಿದೆ!

ನನಗೆ ಸೊಸೆ, ಮಾವ, ಕಂಬ, ಮರೆ ಒಂದೂ ನೆನಪಾಗಲಿಲ್ಲ. "ಮಾವಾ, ಬರ್ರೀ, ಉಣ್ಣಾಕತ್ತೈತಿ!" ಎಂದು ಓಣಿಗೆ ಕೇಳುವಂತೆ ಕೂಗಿದೆ.

ಮಾವನವರು ಓಡಿ ಬಂದರು. ರುಮಾಲಿಲ್ಲ, ಹಣೆಯ ಮೇಲೆ ವಿಭೂತಿ ಒಂದೇ ಎಳೆ, ಮಡಿಯ ಪಂಚೆ ಒಂದು ಕೈಯಲ್ಲಿ. ಬಾನಿಯ ಅಂಚು ಹಿಡಿದು ಬಗ್ಗಿದರು. ಮೀನು ಅವರ ಮೂಗಿನ ಕೆಳಗೇ ಒಂದು ಹುಳವನ್ನು ಚಟಕ್ಕನೆ ನುಂಗಿತು.

ಆಗ ನನಗೆ ಎಚ್ಚರವಾಯಿತು. ಶಿವ ಶಿವಾ, ಇದೇನು ಮಾಡಿದೆ? ಸಿಗಡಿಯ ಪುಡಿಯನ್ನು ತಿಪ್ಪೆಗೆ ಎಸೆದವರ ಕಣ್ಣೆದುರೇ, ಅವರ ಹಿತ್ತಲಲ್ಲೇ, ಜೀವಂತ ಹುಳುಗಳ ಊಟ! ಈಗ ಮೀನನ್ನು ತಿಪ್ಪೆಗೆ ಎಸೆಯುವರೋ, ನನ್ನನ್ನು ಮಸ್ಕಿಗೆ ಕಳಿಸುವರೋ! ನಾನು ಸೆರಗು ಮುಖದ ತನಕ ಎಳೆದುಕೊಂಡೆ. ಮಾವನವರು ಒಂದು ಹುಳ ನೋಡಿದರು, ಮೀನು ನೋಡಿದರು, ಆಕಾಶ ನೋಡಿದರು. ಕಚೇರಿಯಲ್ಲಿ ಎರಡೂ ಕಡೆಯವರು ತಪ್ಪಾಗಿದ್ದಾಗ ತೀರ್ಪು ಬರೆಯುವ ಮುಖ ಅದು.

"ತಿನ್ನಾಕತ್ತಿಲ್ಲ," ಎಂದರು ಕೊನೆಗೆ. "ನೀರು ಸ್ವಚ್ಛ ಮಾಡಾಕತ್ತೈತಿ."

ನೋಡಿ, ಇದಕ್ಕೆ ಪೇಶ್ಕಾರ ಎನ್ನುವುದು! ಅವತ್ತಿನಿಂದ ನಮ್ಮ ಮೀನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಸ್ವಚ್ಛ ಮಾಡಿತು. ನಮ್ಮ ಬಾನಿ ಸ್ವಚ್ಛವಾದ ಮೇಲೆ ಓಣಿಯ ಬಾನಿಗಳ ನೀರನ್ನೆಲ್ಲ ಒಂದೊಂದು ತಂಬಿಗೆ ತರಿಸಿ ಸ್ವಚ್ಛ ಮಾಡಿಸಿದರು. ಎಲ್ಲರ ಬಾನಿಯ ಸೇವೆ ಮಾಡುವ ಮೀನು ಎಂದು ನೀಲವ್ವತ್ತಿ ಊರೆಲ್ಲ ಸಾರಿದಳು. ನಿಮಗೆ ಚಿಂತೆ ಬೇಡವೆಂದು ಈಗಲೇ ಹೇಳಿಬಿಡುತ್ತೇನೆ: ದಸರೆಗೆ ಸಾಹೇಬರ ಮನುಷ್ಯ ಬಂದಾಗ ಮೀನು ಎಷ್ಟು ದುಂಡಗಾಗಿತ್ತೆಂದರೆ, ಅದೇ ಮೀನು ಹೌದೋ ಅಲ್ಲವೋ ಎಂದು ಆತ ಅನುಮಾನಪಟ್ಟ. ಮಾವನವರ ರುಮಾಲು ತಲೆಯ ಮೇಲೆಯೇ ಉಳಿಯಿತು.

ಆದರೆ ನಾನು ಹೇಳಬೇಕೆಂದದ್ದು ಆ ಜುಮ್ಮಾ ದಿನದ ಮಧ್ಯಾಹ್ನದ ಮಾತು.

ಹಂಡೆ ತಿಕ್ಕಿ, ಮಳೆನೀರು ತುಂಬಿ, 'ಊಟ'ವನ್ನೂ ಸೇರಿಸಿ ಮೀನನ್ನು ಮತ್ತೆ ಮಣೆಯ ಮೇಲೆ ಇಟ್ಟೆವು. ನಾನು ಬಿಸಿ ರೊಟ್ಟಿ ಬಡಿದು, ಬದನೇಕಾಯಿ ಪಲ್ಯ ಮಾಡಿ, ತಾಟು ಹಚ್ಚಿ ಇಟ್ಟು ಬಾಗಿಲ ಮರೆಗೆ ಸರಿದೆ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಮಾವನವರು ಬಹಳ ಖುಷಿಯಲ್ಲಿ ಕುಳಿತರು. ರೊಟ್ಟಿ ಮುರಿದರು. ಪಲ್ಯ ಹಚ್ಚಿ ತುತ್ತು ಎತ್ತಿದರು. ಅಷ್ಟರಲ್ಲಿ ಅವರಿಗೆ ಏನು ಹೊಳೆಯಿತೋ, ಎತ್ತಿದ ತುತ್ತು ಹಾಗೇ ಹಿಡಿದು, ಮೀನಿನ ಕಡೆ ತಿರುಗಿ ಅಂದರು:

"ಒಳಗಿದ್ದವರು ಉಂಡಾರೇನು ಕೇಳಪ್ಪಾ."

ನಾನು ಆ ಮನೆಗೆ ಬಂದ ಮೇಲೆ ಇದೇ ಮೊದಲ ಸಲ ಕೇಳಿದ್ದು. ಉಪಚಾರದ ಮಾತು ನನಗೆ ಬರುವುದಿಲ್ಲ. ಹೊಟ್ಟೆ ಬೇರೆ ಸುಡುತ್ತಿತ್ತು.

"ಹೇಳು ಮೀನಾ," ಅಂದೆ. "ನಿನ್ನ ಸಲುವಾಗಿ ಹಿರೇರು ಬಿಟ್ಟಾಗಿನಿಂದ ಒಳಗಿದ್ದವರೂ ಉಂಡಿಲ್ಲಂತ. ಹಿರೇರು ಬಿಟ್ಟ ಹೊತ್ತು ಒಳಗಿನವರೂ ಬಿಡಬೇಕು. ಈ ಮನಿ ರೀತಿ ಅದು."

ಬಾಗಿಲಿಂದ ಇಣುಕಿದೆ. ತುತ್ತು ಬಾಯಿಗೂ ಹೋಗಲಿಲ್ಲ, ತಾಟಿಗೂ ಇಳಿಯಲಿಲ್ಲ. ಅವರು ಮೀನನ್ನು ನೋಡುತ್ತಿರಲಿಲ್ಲ. ಬಾಗಿಲನ್ನು ನೋಡುತ್ತಿದ್ದರು.

"ಯಾವಾಗಿಂದ ಐತಿ ಈ ರೀತಿ?" ಎಂದು ನನಗೇ ಕೇಳಿದರು. ನೇರ ನನಗೆ.

"ಅತ್ತಿಯವರು ಹಂಗ ನಡಕೊಂಡಾರಂತ್ರೀ," ಅಂದೆ.

"ನಾ ಬಿಟ್ಟಾಗೆಲ್ಲಾ?"

ನನಗೆ ಗೊತ್ತಿದ್ದದ್ದು ನೀಲವ್ವತ್ತಿ ಹೇಳಿದ್ದಷ್ಟೇ. ಆದರೂ ಇಲ್ಲ ಎಂದು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ಹೌದ್ರೀ," ಅಂದೆ.

ಅವರು ತುತ್ತನ್ನು ತಾಟಿಗೆ ಇಳಿಸಿದರು. ಇಡೀ ಬಾಳುವೆ ಜೊತೆಗಿದ್ದ ಹೆಂಗಸು ಯಾವಾಗ ಉಂಡಳು, ಯಾವಾಗ ಬಿಟ್ಟಳು ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಉಪ್ಪಿಗೆ ಬಿಟ್ಟ ಹೊತ್ತು, ನೀರಿಗೆ ಬಿಟ್ಟ ಹೊತ್ತು, ಸೀನಿಗೆ ಬಿಟ್ಟ ದಿನ, ಎಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಬಂದು ಹೋಗುತ್ತಿದ್ದವು. ಮತ್ತೆ ಉಪವಾಸ ಹಿಡಿದರೆ ನನ್ನ ಗತಿಯೇನು ಎಂದು, ಸುಳ್ಳೇಕೆ ಹೇಳಲಿ, ನಾನು ಅದನ್ನೇ ಯೋಚಿಸುತ್ತಿದ್ದೆ.

ಅವರು ಎದ್ದರು. ಎಂದೂ ದಾಟದ ಅಡಿಗೆಮನೆಯ ಹೊಸ್ತಿಲು ದಾಟಿ ಒಳಗೆ ಬಂದರು. ನಾನು ಗೋಡೆಗೆ ಅಂಟಿಕೊಂಡೆ. ತಾಟು ಎಲ್ಲಿರುತ್ತದೆ ಗೊತ್ತಿಲ್ಲ, ಹುಡುಕಿ ತೆಗೆದರು. ರೊಟ್ಟಿ ಹಾಕಿದರು. ಪಲ್ಯ ಬಡಿಸಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದರು. ತಾಟನ್ನು ತಂದು ಪಡಸಾಲೆಯಲ್ಲಿ ತಮ್ಮ ತಾಟಿನ ಎದುರು ಇಟ್ಟರು.

"ಬಾ ಯವ್ವಾ, ಕೂಡು. ಮೊದಲ ನೀ ಉಣ್ಣು," ಎಂದರು. "ನಾ ಆ ಕಡೆ ಮಾರಿ ಮಾಡ್ತೀನಿ."

ಗೋಡೆಗೆ ಮುಖ ಮಾಡಿ ಕುಳಿತರು. ಬೆನ್ನು ಅಲುಗುತ್ತಿತ್ತು. ನಾನು ಕುಳಿತು ಉಂಡೆ. ಹಸಿದಿದ್ದೆ, ಹೊಟ್ಟೆ ತುಂಬ ಉಂಡೆ. ನಾನು ಕೈ ತೊಳೆದ ನೀರಿನ ಸದ್ದು ಕೇಳುವ ತನಕ ಅವರು ಈ ಕಡೆ ತಿರುಗಲಿಲ್ಲ, ಅವರ ತಾಟಿನಲ್ಲಿ ರೊಟ್ಟಿ ಆರುತ್ತಲೇ ಇತ್ತು.